ಶಾಲೆಯ ಉಗ್ರಾಣಕ್ಕೆ ಸಿಹಿಗುಂಬಳ ಬರಲಿ

ತರಕಾರಿ ಅಂಗಡಿಯಲ್ಲಿ ಸಿಹಿಗುಂಬಳ ನಮ್ಮ ಕೈಗೆ ಸಿಗುವುದು ಹೋಳಾಗಿ. ಎಂಟು-ಹತ್ತು ಕಿಲೋ ತೂಗುವ ಕಾಯಿಯನ್ನು ಬೆಳಿಗ್ಗೆಯೇ ಸೀಳಿ, ಕಿತ್ತಳೆ ಬಣ್ಣದ ಒಳಮೈ ಗಿರಾಕಿಗೆ ಕಾಣುವಂತೆ ಇಟ್ಟಿರುತ್ತಾರೆ. ಅರ್ಧ ಕಿಲೋ ಕೇಳಿದರೆ ಅದರಿಂದ ಒಂದು ಹೋಳು ಕೊಯ್ದು ತಕ್ಕಡಿಗೆ ಹಾಕುತ್ತಾರೆ. ಸಂಜೆಯಾಗುವಷ್ಟರಲ್ಲಿ ಕೊಯ್ದ ಜಾಗ ಲೋಳೆಗಟ್ಟುತ್ತದೆ, ಮರುದಿನ ಬೀಜದ ಸುತ್ತಲಿನ ನಾರು ಹುಳಿ ವಾಸನೆ ಹೊಡೆಯುತ್ತದೆ, ಮೂರನೆಯ ದಿನ ಉಳಿದದ್ದು ದನದ ಪಾಲು. ಇದನ್ನೇ ನೋಡುತ್ತ ಬಂದವರಿಗೆ ಟೊಮೆಟೊ, ಬೀನ್ಸ್, ಸೊಪ್ಪಿನ ಹಾಗೆ ಇದೂ ಬೇಗ ಕೆಡುವ ತರಕಾರಿ ಎನಿಸಿದರೆ ತಪ್ಪೇನಿಲ್ಲ. ಆದರೆ ಚೆನ್ನಾಗಿ ಬಲಿತ ಕಾಯಿಯನ್ನು ಕತ್ತರಿಸದೆ ಇಟ್ಟರೆ ಫ್ರಿಜ್ಜು, ಶೀತಲಗೃಹ ಯಾವುದರ ಹಂಗೂ ಇಲ್ಲದೆ ಅದು ವಾರಗಟ್ಟಲೆ ಉಳಿಯುತ್ತದೆ. ಜಾಗ ಒಣದಾಗಿದ್ದು ಗಾಳಿ ಆಡುತ್ತಿದ್ದರೆ ಎರಡು ತಿಂಗಳು ದಾಟುವುದೂ ಕಷ್ಟವಲ್ಲ. ಚಾಕು ಬಿದ್ದ ಗಳಿಗೆಯಲ್ಲಿ ಈ ಗುಣ ಮುಗಿಯಿತು. ನಮ್ಮ ಪೇಟೆ ವ್ಯವಹಾರ ಈ ಕಾಯಿಯ ಎಲ್ಲಕ್ಕಿಂತ ದೊಡ್ಡ ಗುಣವನ್ನು ಮಾರುವ ಮೊದಲೇ ಹಾಳು ಮಾಡುತ್ತಿದೆ. ಸರ್ಕಾರವೂ ಬಿಸಿಯೂಟಕ್ಕೆ ತರಕಾರಿ ಕೊಳ್ಳುವಾಗ ಆ ಗುಣವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅಕ್ಕಿ-ಬೇಳೆಯಂತೆ ಸಿಹಿಗುಂಬಳವನ್ನೂ ಬೇಸಿಗೆ ಕೊಯ್ಲಿನಲ್ಲಿ ಇಡಿಯಾಗಿ ಕೊಂಡು ಶಾಲೆಯ ಉಗ್ರಾಣದಲ್ಲಿ ದಾಸ್ತಾನು ಮಾಡಬೇಕು, ತರಕಾರಿ ಬೆಲೆ ಗಗನಕ್ಕೇರುವ ಜೂನ್-ಜುಲೈಯಲ್ಲಿ ಅದನ್ನು ಮಕ್ಕಳ ತಟ್ಟೆಗೆ ಹಾಕಬೇಕು ಎಂಬುದು ಇಲ್ಲಿಯ ವಾದ.

ನಾವು ಸಿಹಿಗುಂಬಳ, ಕರಾವಳಿಯ ಹಲವು ಮನೆಗಳಲ್ಲಿ ಚೀನಿಕಾಯಿ ಎಂದು ಕರೆಯುವ ಕಾಯಿ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕುಕರ್ಬಿಟಾ ಮಾಸ್ಕೇಟಾ. ಪೂಜೆಗೆ ಒಡೆಯುವ, ಮಜ್ಜಿಗೆಹುಳಿಗೆ ಹಾಕುವ ಬೂದುಗುಂಬಳ ಇದರ ದಾಯಾದಿಯಷ್ಟೇ. ಅದರ ಕುಲವೇ ಬೇರೆ. ಬೂದುಗುಂಬಳ ಏಷ್ಯಾದ್ದು, ಸಿಹಿಗುಂಬಳ ಅಮೆರಿಕ ಖಂಡದ್ದು. ಯುರೋಪಿನ ಹಡಗುಗಳು ಅಟ್ಲಾಂಟಿಕ್ ದಾಟಲು ತೊಡಗಿದ ಮೇಲೆ ಮೆಣಸಿನಕಾಯಿ, ಗೋಡಂಬಿಗಳ ಹಾಗೆ ಇದೂ ಇಲ್ಲಿಗೆ ಬಂತು. ಅದೇ ಕುಲದಲ್ಲಿ ತಿನ್ನುವ ಜಾತಿಗಳು ಬೇರೆಯೂ ಇವೆ. ಅವುಗಳಲ್ಲಿ ಬಿಸಿ ಮತ್ತು ತೇವ ಎರಡನ್ನೂ ಚೆನ್ನಾಗಿ ತಡೆಯುವುದು ಮಾಸ್ಕೇಟಾ, ಹಾಗಾಗಿ ದಕ್ಷಿಣ ಭಾರತದಲ್ಲಿ ಅದು ಬೇರೂರಿತು. ಗುರುತು ಹಿಡಿಯುವುದು ಸುಲಭ: ಕಾಯಿಗೆ ಅಂಟಿದ ತೊಟ್ಟು ನೋಡಿ. ಮಾಸ್ಕೇಟಾದ ತೊಟ್ಟು ಗಟ್ಟಿ, ಐದು ಏಣಿನದು, ಕಾಯಿಯನ್ನು ಸೇರುವಲ್ಲಿ ಪಾದದಂತೆ ಅಗಲವಾಗುತ್ತದೆ. ಆ ತೊಟ್ಟು ಒಣಗಿ ಕಂದು ಬಣ್ಣಕ್ಕೆ ತಿರುಗಿರಬೇಕು, ನೆಲಕ್ಕೆ ತಾಗಿದ್ದ ಭಾಗ ಹಳದಿಗಟ್ಟಿರಬೇಕು, ಉಗುರಿನಿಂದ ಒತ್ತಿದರೆ ಸಿಪ್ಪೆಯೊಳಗೆ ಇಳಿಯಬಾರದು. ಈ ಮೂರೂ ಇದ್ದರೆ ಕಾಯಿ ದಾಸ್ತಾನಿಗೆ ಸಿದ್ಧ. ತೊಟ್ಟು ಮುರಿದಿದ್ದರೆ ಬೇಡ, ಆ ಗಾಯದಿಂದಲೇ ಕೊಳೆ ಒಳಗಿಳಿಯುತ್ತದೆ. ಕೊಯ್ದ ಮೇಲೆ ಒಂದು ವಾರ, ಹತ್ತು ದಿನ ಬೆಚ್ಚಗಿನ, ಗಾಳಿಯಾಡುವ ನೆರಳಲ್ಲಿ ಹರಡಿದರೆ ಸಣ್ಣಪುಟ್ಟ ಗೀರುಗಳು ಮಾಯ್ದು ಸಿಪ್ಪೆ ಇನ್ನಷ್ಟು ಗಟ್ಟಿಯಾಗುತ್ತದೆ. ಆಲೂಗಡ್ಡೆಯ ಶೀತಲಗೃಹಕ್ಕೆ ಇದನ್ನು ತುಂಬಿದರೆ ಮಾತ್ರ ಕೆಟ್ಟಿತು. 10 ಡಿಗ್ರಿಗಿಂತ ಕೆಳಗೆ ಕಾಯಿಗೆ ಶೀತದ ಪೆಟ್ಟು ಬಿದ್ದು ಹೊರತೆಗೆದ ಮೇಲೆ ಬೇಗ ಕೊಳೆಯುತ್ತದೆ. ಅಂದರೆ ಕೋಟಿಗಟ್ಟಲೆ ಸುರಿದು ಕಟ್ಟುವ ಶೀತಲ ಸರಪಳಿ ಇದಕ್ಕೆ ಬೇಕಿಲ್ಲ ಎನ್ನುವುದಷ್ಟೇ ಅಲ್ಲ, ಆಗಿಬರುವುದೂ ಇಲ್ಲ. ಕರಾವಳಿಯ ಹಳೆಯ ಮನೆಗಳಲ್ಲಿ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಿ ಮಳೆಗಾಲವಿಡೀ ಬಳಸುತ್ತಿದ್ದರಲ್ಲ, ಆ ಜಾಣ್ಮೆಯ ಹಿಂದಿರುವುದೂ ಇದೇ ತರ್ಕ: ನೆಲದ ತೇವ ತಾಗಬಾರದು, ಒಂದರ ಮೈ ಇನ್ನೊಂದಕ್ಕೆ ಒರಗಬಾರದು, ಸುತ್ತ ಗಾಳಿ ಆಡಬೇಕು.

ಹಾಗಾದರೆ ಪೇಟೆಯಲ್ಲಿ ಏಕೆ ಹೋಳು? ಕಾಯಿಯ ಗಾತ್ರ ದೊಡ್ಡದು, ಮನೆಗಳು ಚಿಕ್ಕವಾಗಿವೆ. ನಾಲ್ಕು ಜನರ ಮನೆಗೆ ಹತ್ತು ಕಿಲೋದ ಕಾಯಿ ಒಯ್ಯುವವರಿಲ್ಲ. ಇದೇ ತೊಡಕನ್ನು ಬೇರೆಯವರು ತಳಿ ಬದಲಿಸಿ ಬಿಡಿಸಿಕೊಂಡರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1940ರ ದಶಕದಲ್ಲಿ ಚಾರ್ಲ್ಸ್ ಲೆಗೆಟ್ ಎಂಬ ಹವ್ಯಾಸಿ ರೂಪಿಸಿದ ಬಟರ್‌ನಟ್ ಕೂಡ ಇದೇ ಮಾಸ್ಕೇಟಾ ಜಾತಿಯದು. ಒಂದು-ಒಂದೂವರೆ ಕಿಲೋ ತೂಕ, ಬೀಜವೇ ಇಲ್ಲದ ಗಟ್ಟಿ ಕುತ್ತಿಗೆ, ತೆಳ್ಳನೆಯ ಸಿಪ್ಪೆ; ಒಂದು ಸಲಕ್ಕೆ ಒಂದು ಕಾಯಿ ಮುಗಿಯಿತು. ಅದರ ಸುಧಾರಿತ ರೂಪ ವಾಲ್ಥಮ್ ಬಟರ್‌ನಟ್ 1970ರಲ್ಲಿ ಅಲ್ಲಿಯ ರಾಷ್ಟ್ರಮಟ್ಟದ ತಳಿ ಆಯ್ಕೆಯ ಮನ್ನಣೆ ಪಡೆಯಿತು. ಈಗ ಬೆಂಗಳೂರಿನ ಹವಾನಿಯಂತ್ರಿತ ಮಳಿಗೆಗಳಲ್ಲಿ ಬಟರ್‌ನಟ್‌ಗೊಂದು ಪ್ರತ್ಯೇಕ ಬುಟ್ಟಿ, ಅದಕ್ಕೊಪ್ಪುವ ಬೆಲೆ. ಪಕ್ಕದಲ್ಲೇ ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟ ಸಿಹಿಗುಂಬಳದ ಹೋಳು ಅದರದೇ ಜಾತಿಯದು ಎಂದು ಎಷ್ಟು ಮಂದಿ ಗಿರಾಕಿಗಳಿಗೆ ಗೊತ್ತೋ! ಅಮೆರಿಕದವರು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಸಿಹಿತಿಂಡಿಗೆಂದು ಡಬ್ಬಿಯಲ್ಲಿ ಕೊಳ್ಳುವ ಕುಂಬಳದ ತಿರುಳಿನಲ್ಲೂ ಬಹುಪಾಲು ಇಲಿನಾಯ್ ರಾಜ್ಯದಲ್ಲಿ ಬೆಳೆಯುವ ಮಾಸ್ಕೇಟಾ ತಳಿಯದೇ. ಜಪಾನಿನಲ್ಲಿ ಇನ್ನೊಂದು ಜಾತಿಯ ಕುಂಬಳ ಹೆಚ್ಚು ಬಳಕೆಯಲ್ಲಿದೆ. ಹೊಕ್ಕೈಡೊ ದ್ವೀಪದ ಹೊಲಗಳಲ್ಲಿ ಚಳಿ ಬೀಳುವ ಮೊದಲೇ ಕೊಯ್ದ ಕಾಯಿಯನ್ನು ಕಾಪಿಟ್ಟು ಡಿಸೆಂಬರ್ ಕೊನೆಯ ಅತಿ ಗಿಡ್ಡ ಹಗಲಿನ ದಿನ ಬೇಯಿಸಿ ತಿನ್ನುವುದು ಅವರ ಸಂಪ್ರದಾಯ. ಹಸಿ ತರಕಾರಿ ಸಿಗದ ಕಾಲಕ್ಕೆಂದು ಮೊದಲೇ ಎತ್ತಿಟ್ಟ ಕಾಯಿ ಅದು.

ನಮ್ಮಲ್ಲೂ ಸಣ್ಣ ಕಾಯಿಯ ತಳಿಗಳು ಇಲ್ಲದಿಲ್ಲ. 1967ರಲ್ಲಿ ಸ್ಥಾಪನೆಯಾದ, ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಹಳ ಹಿಂದೆಯೇ ಅರ್ಕಾ ಚಂದನ್ ಎಂಬ ಸಿಹಿಗುಂಬಳದ ತಳಿ ಕೊಟ್ಟಿದೆ. ಕಾಯಿ ಎರಡು-ಮೂರು ಕಿಲೋ, ಗುಂಡಗೆ, ಹೂವಿನ ತುದಿಯಲ್ಲಿ ಸ್ವಲ್ಪ ಅದುಮಿದಂತೆ. ಬಲಿತಾಗ ತಿಳಿ ಕಂದು ಮೈಮೇಲೆ ಕೆನೆಬಣ್ಣದ ಮಚ್ಚೆಗಳು. ಒಳಗೆ ದಪ್ಪ, ಗಟ್ಟಿ, ಗಾಢ ಕಿತ್ತಳೆ ತಿರುಳು. ಸುಮಾರು 125 ದಿನದ ಬೆಳೆ, ಹೆಕ್ಟೇರಿಗೆ 33 ಟನ್ ಇಳುವರಿ, ಸಾಗಣೆ ಮತ್ತು ದಾಸ್ತಾನಿಗೆ ಒಳ್ಳೆಯದು ಎಂಬುದು ಸಂಸ್ಥೆಯ ವಿವರಣೆ. ಇಳುವರಿಯ ಆ ಅಂಕಿ ಸಂಶೋಧನಾ ತಾಕಿನದು ಎಂದು ನೆನಪಿಟ್ಟು ರೈತರ ಹೊಲಕ್ಕೆ 25 ಟನ್ ಎಂದೇ ಲೆಕ್ಕ ಹಿಡಿಯೋಣ. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿ ಇನ್ನೂ ಚಿಕ್ಕದು, ಹೆಚ್ಚುಕಡಿಮೆ ಒಂದು ಕಿಲೋ. ಅದು ಬೇರೆ ಜಾತಿ, ಇರಲಿ. ತಳಿ ಇಲ್ಲ ಎನ್ನುವ ನೆಪಕ್ಕೆ ಜಾಗವಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ. ಇಂಥ ಕಾಯಿಯನ್ನು ಇಡಿಯಾಗಿ ಕೊಳ್ಳುವ ಗಿರಾಕಿ ಇಲ್ಲ, ಗಿರಾಕಿ ಇಲ್ಲದ್ದರಿಂದ ದಲ್ಲಾಳಿಗೆ ಬೇಡ, ದಲ್ಲಾಳಿಗೆ ಬೇಡವಾದ್ದರಿಂದ ರೈತ ಬೆಳೆಯುವುದಿಲ್ಲ. ಈ ಸುತ್ತನ್ನು ಒಂದು ಕಡೆ ಕಡಿಯಬಲ್ಲ ದೊಡ್ಡ ಗಿರಾಕಿ ರಾಜ್ಯದಲ್ಲಿ ಒಬ್ಬನೇ ಇರುವುದು, ಅದು ಶಾಲೆಯ ಬಿಸಿಯೂಟ.

ರಾಜ್ಯದಲ್ಲಿ ಅಕ್ಷರ ದಾಸೋಹ ಎನ್ನುವ ಈ ಬಿಸಿಯೂಟದ ಅಡುಗೆಗೆ ಕೇಂದ್ರದ ನಿಯಮದ ಪ್ರಕಾರ ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ, ಆರರಿಂದ ಎಂಟನೆಯ ತರಗತಿಯ ಮಗುವಿಗೆ 75 ಗ್ರಾಂ ತರಕಾರಿ ಹಾಕಬೇಕು. ಅಕ್ಕಿ ಸರ್ಕಾರದಿಂದ ಬರುತ್ತದೆ. ತರಕಾರಿಯನ್ನು ಹಳ್ಳಿ ಶಾಲೆಗಳಲ್ಲಿ ಮುಖ್ಯಶಿಕ್ಷಕರು ಅಡುಗೆ ವೆಚ್ಚದ ಹಣದಲ್ಲಿ ಸಂತೆಯಲ್ಲೋ ಊರಿನ ಅಂಗಡಿಯಲ್ಲೋ ಕೊಳ್ಳಬೇಕು. ಶಾಲೆ ಶುರುವಾಗುವುದು ಮೇ ಕೊನೆ, ಜೂನ್ ಮೊದಲಲ್ಲಿ. ಬೇಸಿಗೆ ಬೆಳೆ ಮುಗಿದು ಮಳೆಗಾಲದ ಬೆಳೆ ಇನ್ನೂ ಕೈಗೆ ಬಾರದ ಕಾಲ ಅದು, ತರಕಾರಿ ಅತ್ಯಂತ ತುಟ್ಟಿಯಾಗುವ ಹೊತ್ತೂ ಅದೇ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದನ್ನು ಮರೆತವರಿಲ್ಲ. ಮಗುವಿಗಿಷ್ಟು ಎಂದು ನಿಗದಿಯಾದ ಹಣ ಆ ತಿಂಗಳು ಹಿಗ್ಗುವುದಿಲ್ಲ. ಹಣ ಹಿಗ್ಗದಿದ್ದರೆ ತರಕಾರಿ ಕುಗ್ಗುತ್ತದೆ, ಸಾಂಬಾರು ತೆಳ್ಳಗಾಗುತ್ತದೆ. ಇದರಲ್ಲಿ ಶಿಕ್ಷಕರದೇನೂ ತಪ್ಪಿಲ್ಲ. ಡಿಸೆಂಬರ್-ಜನವರಿಯಲ್ಲಿ ಬಿತ್ತಿದ ಸಿಹಿಗುಂಬಳ ಏಪ್ರಿಲ್-ಮೇಯಲ್ಲಿ ಕೊಯ್ಲಿಗೆ ಬರುತ್ತದೆ. ಈ ಕೊಯ್ಲಿಗೂ ಶಾಲೆ ಶುರುವಾಗುವುದಕ್ಕೂ ನಡುವೆ ಇರುವ ಅಂತರ ಕೆಲವು ವಾರಗಳದು, ಕಾಯಿ ತಾನಾಗಿಯೇ ಉಳಿಯುವಷ್ಟು ಕಾಲ.

ಲೆಕ್ಕ ಹಾಕಿ ನೋಡೋಣ. ನೂರು ಮಕ್ಕಳ ಪ್ರಾಥಮಿಕ ಶಾಲೆ, ವಾರಕ್ಕೆ ಎರಡು ದಿನ ಸಿಹಿಗುಂಬಳ, ಎಂಟು ವಾರ. ತಲೆಗೆ 50 ಗ್ರಾಂ ಎಂದರೆ ಒಟ್ಟು 80 ಕಿಲೋ. ಸಿಪ್ಪೆ, ನಾರು, ಬೀಜಕ್ಕೆ ಐದನೇ ಒಂದು ಪಾಲು ಬಿಟ್ಟರೆ ನೂರು ಕಿಲೋ ಕೊಳ್ಳಬೇಕು. ಎರಡೂವರೆ ಕಿಲೋದ ಕಾಯಿ ನಲವತ್ತು. ಒಂದಕ್ಕೊಂದು ತಾಗದಂತೆ ಒಂದೇ ಸಾಲಿಗೆ ಹರಡಿದರೂ ಒಂದು ಮಂಚದಷ್ಟು ಜಾಗ ಸಾಕು. ಎರಡು ಅಟ್ಟದ ಬಿದಿರಿನ ತಟ್ಟಿಯಾದರೆ ಅದರ ಅರ್ಧ. ದಾರಿಯಲ್ಲಿ, ಉಗ್ರಾಣದಲ್ಲಿ ಏಳೆಂಟು ಕಾಯಿ ಕೊಳೆತವು ಎಂದು ಮೊದಲೇ ಒಪ್ಪಿಕೊಂಡು ಅಷ್ಟು ಹೆಚ್ಚಿಗೆ ಕೊಂಡರೂ ಅದು ಜೂನ್ ತಿಂಗಳ ಬೀನ್ಸಿನ ಬೆಲೆಯ ಹತ್ತಿರ ಬರುವುದು ಅನುಮಾನ. ಉಗ್ರಾಣದಲ್ಲಿ ಎರಡು ತಿಂಗಳು ಇಟ್ಟ ಕಾಯಿ ಬರೀ ಹಳಸುತ್ತ ಹೋಗುತ್ತದೆ ಎಂದೂ ಅಲ್ಲ. ಮಾಸ್ಕೇಟಾ ಜಾತಿಯಲ್ಲಿ, ಮುಖ್ಯವಾಗಿ ಬಟರ್‌ನಟ್ ಮೇಲೆ ನಡೆದ ಅಧ್ಯಯನಗಳಲ್ಲಿ, ಕೊಯ್ದ ಮೇಲಿನ ವಾರಗಳಲ್ಲಿ ಪಿಷ್ಟ ಸಕ್ಕರೆಯಾಗಿ ರುಚಿ ಕೂಡುವುದೂ ತಿರುಳಿನ ಕೆರೋಟಿನ್ ಏರುವುದೂ ಕಂಡಿದೆ.

ಕೆರೋಟಿನ್ ಎಂದಾಗ ಉತ್ಪ್ರೇಕ್ಷೆ ಬೇಡ. ಸಿಹಿಗುಂಬಳವನ್ನು ‘ಸೂಪರ್ ಫುಡ್’ ಮಾಡುವ ವಾಟ್ಸ್‌ಆ್ಯಪ್ ಸಂದೇಶಗಳಿಗೆ ಲೆಕ್ಕ ಗೊತ್ತಿಲ್ಲ. ಅರ್ಕಾ ಚಂದನ್ ತಿರುಳಿನ 100 ಗ್ರಾಂನಲ್ಲಿರುವ ಕೆರೋಟಿನ್ 3,331 ಅಂತಾರಾಷ್ಟ್ರೀಯ ಯೂನಿಟ್. ಮಗುವಿನ ಪಾಲಿನ 50 ಗ್ರಾಂಗೆ ಹಿಡಿದರೆ ಸುಮಾರು ಸಾವಿರ ಮೈಕ್ರೊಗ್ರಾಂ ಬೀಟಾ ಕೆರೋಟಿನ್. ಶರೀರ ಇದನ್ನೆಲ್ಲ ಎ ಜೀವಸತ್ವವಾಗಿ ಪರಿವರ್ತಿಸುವುದಿಲ್ಲ. ಆಹಾರದಿಂದ ಬಂದ ಹನ್ನೆರಡು ಮೈಕ್ರೊಗ್ರಾಂಗೆ ಒಂದು ಎಂಬ ಎಚ್ಚರಿಕೆಯ ಲೆಕ್ಕ ಹಿಡಿದರೆ ದಕ್ಕುವುದು ಎಂಬತ್ತು ಚಿಲ್ಲರೆ ಮೈಕ್ರೊಗ್ರಾಂ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ದಿನದ ಪ್ರಮಾಣ 630. ಅಂದರೆ ಎಂಟನೇ ಒಂದು ಪಾಲು, ಒಂದು ಮೊಟ್ಟೆಯಲ್ಲಿ ಸಿಗುವಷ್ಟೇ. ಸಣ್ಣದಲ್ಲ, ಪವಾಡವೂ ಅಲ್ಲ. ಕೆರೋಟಿನ್ ಮೈಗೂಡಬೇಕಾದರೆ ಊಟದಲ್ಲಿ ಜಿಡ್ಡು ಇರಬೇಕು. ಬಿಸಿಯೂಟದ ನಿಯಮದಲ್ಲಿ ಮಗುವಿಗೆ 5 ಗ್ರಾಂ ಎಣ್ಣೆಗೆ ಅವಕಾಶವಿದೆ, ಅದು ಒಗ್ಗರಣೆಯಲ್ಲಿ ನಿಜವಾಗಿ ಬಿದ್ದರಾಯಿತು. ತಿರುಳಿನ ಬಣ್ಣವೂ ಮುಖ್ಯ. ಪೇಟೆಯಲ್ಲಿ ಸಿಗುವ ಎಷ್ಟೋ ಕಾಯಿಗಳ ಒಳಮೈ ಪೇಲವ ಹಳದಿ, ಅಂಥದ್ದರಲ್ಲಿ ಕೆರೋಟಿನ್ ತೀರ ಕಡಿಮೆ. ಹಾಗಾಗಿ ಸರ್ಕಾರ ಕೊಳ್ಳುವಾಗ ತೂಕದ ಜೊತೆ ಬಣ್ಣವನ್ನೂ ಷರತ್ತಾಗಿ ಇಡಬೇಕು. ಲಾರಿಗೆ ಎರಡು ಕಾಯಿ ಸೀಳಿ ನೋಡಿದರೆ ಗೊತ್ತಾಗುತ್ತದೆ, ಪ್ರಯೋಗಾಲಯ ಬೇಕಿಲ್ಲ.

ಎ ಜೀವಸತ್ವಕ್ಕೆ ಸರ್ಕಾರ ದ್ರಾವಣವನ್ನೇ ಕುಡಿಸುತ್ತಿದೆಯಲ್ಲ ಎನ್ನಬಹುದು. 1970ರಲ್ಲಿ ಶುರುವಾದ ಆ ಕಾರ್ಯಕ್ರಮ ದೇಶದಲ್ಲಿ ಎಷ್ಟೋ ಮಕ್ಕಳ ಕಣ್ಣು ಉಳಿಸಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಒಂಬತ್ತನೆಯ ತಿಂಗಳಿಂದ ಐದು ವರ್ಷದವರೆಗೆ, ಆರು ತಿಂಗಳಿಗೊಮ್ಮೆ. ಮಗು ಒಂದನೇ ತರಗತಿಗೆ ಕಾಲಿಡುವ ಹೊತ್ತಿಗೆ ಚಮಚ ನಿಲ್ಲುತ್ತದೆ, ಅಲ್ಲಿಂದ ಮುಂದೆ ತಟ್ಟೆಯಲ್ಲಿ ಬಂದದ್ದೇ ಗತಿ. ಬಣ್ಣದ ಆಹಾರದಿಂದಲೇ ಎ ಜೀವಸತ್ವ ಒದಗಿಸಲು ಸಾಧ್ಯ ಎಂಬುದಕ್ಕೆ ಆಫ್ರಿಕಾದ ಅನುಭವವಿದೆ: ಮೊಜಾಂಬಿಕ್, ಉಗಾಂಡಾಗಳಲ್ಲಿ ಬಿಳಿ ಗೆಣಸಿನ ಬದಲು ಕಿತ್ತಳೆ ಗೆಣಸು ಬೆಳೆದು ತಿನ್ನಿಸಿದಾಗ ಮಕ್ಕಳಲ್ಲಿ ಎ ಜೀವಸತ್ವದ ಮಟ್ಟ ಏರಿತು, ಆ ಕೆಲಸದ ಹಿಂದಿದ್ದವರಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಗೆಣಸು ಅಲ್ಲಿಯವರ ಮುಖ್ಯ ಆಹಾರ, ನಮ್ಮಲ್ಲಿ ಕುಂಬಳ ಹಾಗಲ್ಲ; ಆ ಪ್ರಮಾಣದ ಫಲ ಇಲ್ಲಿ ನಿರೀಕ್ಷಿಸುವುದು ಸರಿಯಲ್ಲ. ಸೊಪ್ಪಿನಲ್ಲಿ ಇದಕ್ಕಿಂತ ಹೆಚ್ಚು ಕೆರೋಟಿನ್ ಇದೆಯಲ್ಲ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಇದೆ. ದಂಟು, ನುಗ್ಗೆ, ಪಾಲಕ್ ಯಾವುದನ್ನು ತೆಗೆದುಕೊಂಡರೂ ಕುಂಬಳ ಅದರ ಮುಂದೆ ಸಪ್ಪೆ. ಆದರೆ ಸೊಪ್ಪು ತಂದ ದಿನವೇ ಬೇಯಬೇಕು. ಮಳೆಗಾಲದ ಕೆಸರು ಹತ್ತಿದ ಕಟ್ಟುಗಳನ್ನು ಬಿಡಿಸಿ, ಸೋಸಿ, ನಾಲ್ಕು ನೀರಲ್ಲಿ ತೊಳೆಯಲು ನೂರು ಮಕ್ಕಳ ಅಡುಗೆಗೆ ಎರಡು ಜೊತೆ ಕೈ ಸಾಲುವುದಿಲ್ಲ. ಸೊಪ್ಪು ಸಿಕ್ಕ ದಿನ ಸೊಪ್ಪು ಹಾಕಲಿ, ಮೊಟ್ಟೆಯ ದಿನ ಮೊಟ್ಟೆ ಕೊಡಲಿ. ಮೊಟ್ಟೆಯ ಪ್ರೋಟೀನನ್ನು ಕುಂಬಳ ಯಾವತ್ತೂ ಕೊಡಲಾರದು, ಮೊಟ್ಟೆ ಬೇಡವೆನ್ನುವವರಿಗೆ ಈ ವಾದ ಊರುಗೋಲಾಗುವುದೂ ಬೇಡ. ಏನೂ ಸಿಗದ ದಿನ ಉಗ್ರಾಣದಲ್ಲಿ ಒಂದು ತರಕಾರಿ ಇರಲಿ ಎಂಬುದಷ್ಟೇ ಬೇಡಿಕೆ.

ಮಕ್ಕಳು ತಿನ್ನುವುದಿಲ್ಲ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಆಕ್ಷೇಪ. ಅದರಲ್ಲಿ ಸತ್ಯವಿದೆ, ಆದರೆ ತಪ್ಪು ಬಹುಪಾಲು ಕಾಯಿಯದಲ್ಲ, ಪಾಕದ್ದು. ದೊಡ್ಡ ಅಡುಗೆಯಲ್ಲಿ ತೊಗರಿಬೇಳೆಯ ಜೊತೆಗೇ ಹೋಳು ಸುರಿದು ಕೂಗಿಸುತ್ತಾರೆ. ಬೇಳೆ ಬೇಯುವಷ್ಟರಲ್ಲಿ ಕುಂಬಳ ಕರಗಿ ನೀರಾಗಿ ಸಾಂಬಾರಿನ ತುಂಬ ಮಂಕು ಸಿಹಿ. ಬೇಳೆ ಬೆಂದ ಮೇಲೆ, ಹುಣಸೆರಸ ಕುದಿಯುವಾಗ ದಪ್ಪ ಹೋಳು ಹಾಕಿದರೆ ಹುಳಿಯ ಗುಣಕ್ಕೆ ಹೋಳು ಗಟ್ಟಿಯಾಗಿ ನಿಲ್ಲುತ್ತದೆ, ಖಾರ-ಹುಳಿಯೂ ಒಳಗೆ ಹಿಡಿಯುತ್ತದೆ. ಅಡುಗೆ ಸಿಬ್ಬಂದಿಗೆ ಇಷ್ಟು ಹೇಳಿಕೊಡಲು ಅರ್ಧ ದಿನದ ತರಬೇತಿ ಸಾಕು. ಒಂದೇ ಸಾಂಬಾರಿಗೆ ಅಂಟಿಕೊಳ್ಳಬೇಕೆಂದೂ ಇಲ್ಲ. ನಾಡಿನ ಒಂದೊಂದು ಸೀಮೆ ಈ ಕಾಯಿಯನ್ನು ಒಂದೊಂದು ಬಗೆಯಲ್ಲಿ ಪಳಗಿಸಿಕೊಂಡಿದೆ. ಉತ್ತರ ಕರ್ನಾಟಕದಲ್ಲಿ ತುರಿದು ಬೆಲ್ಲದೊಂದಿಗೆ ಬೇಯಿಸಿ, ಗೋಧಿಹಿಟ್ಟು ಕಲಸಿ, ತಟ್ಟಿ ಕರಿದ ಗಾರಿಗೆ. ಕರಾವಳಿಯಲ್ಲಿ ತೆಂಗಿನಕಾಯಿ ರುಬ್ಬದೆ ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಮುಗಿಸುವ ಬೋಳುಹುಳಿ. ನೆನೆಸಿದ ಅಕ್ಕಿಯ ಜೊತೆ ಹಸಿ ಹೋಳು ರುಬ್ಬಿ, ಹುಳಿ ಬರಿಸದೆ ಹೊಯ್ಯುವ ತೆಳು ದೋಸೆ. ಹಳೆ ಮೈಸೂರು ಕಡೆ ಹುಣಸೆ, ಬೆಲ್ಲ, ಹುರಿದ ಎಳ್ಳಿನ ಗೊಜ್ಜು. ಗಡಿಯಾಚೆಯ ಕೇರಳದಲ್ಲಿ ಅಲಸಂದೆ ಕಾಳು ಕೂಡಿಸಿ ಹುರಿದ ತೆಂಗಿನತುರಿ ಉದುರಿಸುವ ಎರಿಶೇರಿ. ಗಂಡು ಹೂವು ಬಜ್ಜಿಗೆ, ಎಳೆ ಕುಡಿ ಪಲ್ಯಕ್ಕೆ, ಸಿಪ್ಪೆ ಹುರಿದು ಚಟ್ನಿಗೆ. ಬೀಜ ತೊಳೆದು ಬಿಸಿಲಿಗೆ ಒಣಗಿಸಿ ಸುಲಿದರೆ ಎಣ್ಣೆ, ಪ್ರೋಟೀನು, ಸತುವು ತುಂಬಿದ ತಿನಿಸು. ಪೇಟೆಯಲ್ಲಿ ಪೊಟ್ಟಣ ಕಟ್ಟಿ ದುಬಾರಿಗೆ ಮಾರುವ ಕುಂಬಳದ ಬೀಜವನ್ನು ಕೊಳ್ಳುವ ಮನೆಗಳೇ ತಾವು ತಂದ ಹೋಳಿನ ಬೀಜವನ್ನು ಕಸದ ಬುಟ್ಟಿಗೆ ಕೆರೆದು ಹಾಕುತ್ತವೆ. ಗಾರಿಗೆ, ದೋಸೆಗಳನ್ನು ಶಾಲೆಯಲ್ಲಿ ಮಾಡಲಾಗದು, ಸರಿ. ಗೊಜ್ಜು, ಬೋಳುಹುಳಿ, ಕಾಳು ಹಾಕಿದ ಪಲ್ಯ ಮಾಡಬಹುದು. ವಾರದ ಎರಡು ದಿನಕ್ಕೆ ಅಷ್ಟು ವೈವಿಧ್ಯ ಸಾಕು. ನಂಜು, ವಾಯು ಎಂಬ ಹಳೆಯ ದೂರಿಗೆ ಇಂಗು-ಶುಂಠಿಯ ಒಗ್ಗರಣೆಯಲ್ಲೇ ಉತ್ತರವಿದೆ. ಕುಂಬಳ ತಿಂದರೆ ಸಕ್ಕರೆ ಏರುತ್ತದೆ ಎಂಬ ಭಯ ದೊಡ್ಡವರದು: ನೂರು ಗ್ರಾಂನಲ್ಲಿ ಆರೇಳು ಗ್ರಾಂ ಪಿಷ್ಟ-ಸಕ್ಕರೆ, ಆಲೂಗಡ್ಡೆಯಲ್ಲಿರುವುದರ ಅರ್ಧವೂ ಇಲ್ಲ. ಗೊಜ್ಜಿಗೆ ಹಾಕುವ ಬೆಲ್ಲದ ಮೇಲೆ ಕಣ್ಣಿಟ್ಟರೆ ಒಳ್ಳೆಯದು.

ದಾಸ್ತಾನಿನ ಮಾತಿಗೆ ಬರುವ ಆಕ್ಷೇಪ ಇದಕ್ಕಿಂತ ತೂಕದ್ದು. ಪುಸ್ತಕದಲ್ಲಿ ಹೇಳುವ ಎರಡು-ಮೂರು ತಿಂಗಳು 10ರಿಂದ 13 ಡಿಗ್ರಿಯ, ಹದವಾದ ತೇವದ ಕೋಣೆಯ ಲೆಕ್ಕ. ಮೇ ತಿಂಗಳ ರಾಯಚೂರು, ಕಲಬುರಗಿಯ ತಗಡಿನ ಮಾಡಿನ ಕೆಳಗೆ ಆ ಲೆಕ್ಕ ನಡೆಯುವುದಿಲ್ಲ. ಕಾಯಿ ಉಸಿರಾಡುತ್ತ ತೂಕ ಕಳೆದುಕೊಳ್ಳುತ್ತದೆ, ಒಳಗೆ ನಾರಾಗುತ್ತದೆ. ಜುಲೈಯ ಆಗುಂಬೆಯಲ್ಲಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಇಡೀ ರಾಜ್ಯಕ್ಕೆ ಒಂದೇ ಸುತ್ತೋಲೆ ಹೊರಡಿಸಿದರೆ ಯೋಜನೆ ಮೊದಲ ವರ್ಷವೇ ಕೊಳೆತು ನಾರುತ್ತದೆ, ಪತ್ರಿಕೆಗಳಲ್ಲಿ ಅದರ ಚಿತ್ರವೂ ಬರುತ್ತದೆ. ಮೈಸೂರು, ಹಾಸನ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಹದ ಹವೆಯ ಮೈದಾನ ಜಿಲ್ಲೆಗಳಲ್ಲಿ ಎಂಟು ವಾರದ ದಾಸ್ತಾನು ಸಾಧ್ಯ. ಬಿಸಿ ಸೀಮೆಯಲ್ಲಿ ಕೊಯ್ಲನ್ನು ಮೇ ಕೊನೆಗೆ ತಳ್ಳಿ ನಾಲ್ಕು ವಾರಕ್ಕೆ ಮಿತಿ ಹಾಕಬೇಕು. ಮಲೆನಾಡು, ಕರಾವಳಿಗೆ ಹದಿನೈದು ದಿನಕ್ಕೊಮ್ಮೆ ಮೈದಾನದಿಂದ ಕಳಿಸುವುದೇ ವಾಸಿ. ಶಾಲೆಯಲ್ಲಿ ಜಾಗ ಇಲ್ಲದ ಕಡೆ ರೈತನ ಹೊಲಮನೆಯಲ್ಲೇ ಕಾಯಿ ಇರಲಿ, ಕಿಲೋಗೆ ವಾರಕ್ಕಿಷ್ಟು ಪೈಸೆ ಎಂಬ ಲೆಕ್ಕದಲ್ಲಿ ಕಾಪಿಟ್ಟ ಬಾಡಿಗೆ ಸೇರಿಸಿ ಕೊಡಲಿ. ಗಟ್ಟಿ ಕಾಯಿ ಹೆಚ್ಚುವ ಶ್ರಮವನ್ನೂ ಮರೆಯಬಾರದು. ಅಡುಗೆಯವರು ಬಹುತೇಕ ಹೆಂಗಸರು, ಗೌರವಧನವೋ ಪುಡಿಗಾಸು. ಹತ್ತು ಕಿಲೋ ಕಾಯಿಯನ್ನು ಈಳಿಗೆಮಣೆಗೆ ಒತ್ತುವುದಕ್ಕಿಂತ ಎರಡೂವರೆ ಕಿಲೋದ್ದನ್ನು ಸೀಳುವುದು ಹಗುರ ಎಂಬುದು ಚಿಕ್ಕ ತಳಿ ಬೇಕೆನ್ನುವುದಕ್ಕೆ ಇನ್ನೊಂದು ಕಾರಣ. ಅದೂ ಕಷ್ಟವಾದರೆ ಒಂದು ಭಾರದ ಕತ್ತಿ, ಒಂದು ಮರದ ಹಲಗೆ ಕೊಡಿಸಲು ಸರ್ಕಾರಕ್ಕೆ ಬಡತನ ಬರುವುದಿಲ್ಲ.

ಇದನ್ನು ರೈತರ ಉದ್ಧಾರದ ಯೋಜನೆ ಎಂದು ಮಾರಲು ಹೋದರೆ ಅದು ಸುಳ್ಳಾಗುತ್ತದೆ. ರಾಜ್ಯದಲ್ಲಿ ಬಿಸಿಯೂಟ ಉಣ್ಣುವ ಮಕ್ಕಳು 50 ಲಕ್ಷ ಎಂದಿಟ್ಟುಕೊಂಡರೂ ತಲೆಗೆ ಒಂದು ಕಿಲೋದಂತೆ ಎಂಟು ವಾರಕ್ಕೆ ಬೇಕಾಗುವುದು 5,000 ಟನ್. ಹೆಕ್ಟೇರಿಗೆ 25 ಟನ್ ಬೆಳೆದರೆ 200 ಹೆಕ್ಟೇರು, ಸರಿಸುಮಾರು 500 ಎಕರೆ. ಒಂದು ತಾಲ್ಲೂಕಿನಲ್ಲೇ ಮುಗಿಸಬಹುದಾದ ಬೆಳೆ. ಬೆಲೆ ಬಿದ್ದಾಗ ರೈತ ಬೆಳೆಯನ್ನು ರಸ್ತೆಗೆ ಸುರಿಯುವ ಗೋಳು ಇದರಿಂದ ನೀಗುವುದಿಲ್ಲ, ಶಾಲೆಗೆ ಕೊಳ್ಳುತ್ತಾರಂತೆ ಎಂಬ ಸುದ್ದಿ ಕೇಳಿ ಎಲ್ಲರೂ ಕುಂಬಳ ಬಿತ್ತಿದರೆ ಗೋಳು ಹೆಚ್ಚೀತು. ಹಾಗಾಗಿ ಮೊದಲೇ ಇಂತಿಷ್ಟು ಎಕರೆ, ಇಂಥ ರೈತ ಉತ್ಪಾದಕ ಸಂಸ್ಥೆ, ಇಂಥ ಬೆಲೆ ಎಂದು ಒಪ್ಪಂದವಾಗಬೇಕು. ಆ 500 ಎಕರೆಯನ್ನು ಒಂದೇ ಕಡೆ ಗುಡ್ಡೆ ಹಾಕದೆ ಜಿಲ್ಲೆಜಿಲ್ಲೆಗೆ ಹಂಚಿದರೆ ಸಾಗಣೆ ಖರ್ಚು ಉಳಿಯುತ್ತದೆ, ಹಣ್ಣುನೊಣವೋ ಮೊಸಾಯಿಕ್ ರೋಗವೋ ಒಂದು ಕಡೆ ಹೊಡೆದರೆ ಇನ್ನೊಂದು ಕಡೆಯದು ಉಳಿಯುತ್ತದೆ. ಲಾಭ ಬೇರೆ ರೀತಿಯಲ್ಲಿ ಬರಬಹುದು. ಎರಡೂವರೆ ಕಿಲೋದ ಕಾಯಿ ಹೊಲದಲ್ಲಿ ಸಾಕಷ್ಟು ಬೆಳೆಯತೊಡಗಿದರೆ ಮಿಕ್ಕದ್ದು ಹಾಪ್‌ಕಾಮ್ಸ್ ಮಳಿಗೆಗೂ ಸಂತೆಗೂ ಬರುತ್ತದೆ, ಮನೆಯವರೂ ಒಂದು ಇಡೀ ಕಾಯಿ ಒಯ್ದು ಅಡುಗೆಮನೆಯ ಮೂಲೆಯಲ್ಲಿ ಇಟ್ಟುಕೊಂಡಾರು. ಅರ್ಕಾ ಚಂದನ್ ಹೈಬ್ರಿಡ್ ಅಲ್ಲ, ಬೀಜ ಎತ್ತಿಟ್ಟುಕೊಳ್ಳಬಹುದು; ಆದರೆ ಜೇನುನೊಣ ಪಕ್ಕದ ಹೊಲದ ಕುಂಬಳದ ಪರಾಗ ತಂದು ಬೆರೆಸೀತು, ಬೀಜದ ತಾಕು ದೂರವಿರಬೇಕು. ಹೂವು ಅರಳುವುದು ಬೆಳಗಿನ ಜಾವ, ಬಿಸಿಲೇರುವಷ್ಟರಲ್ಲಿ ಮುಚ್ಚಿಬಿಡುತ್ತದೆ. ಆ ಹೊತ್ತಿನಲ್ಲಿ ಔಷಧಿ ಹೊಡೆದರೆ ಜೇನು ಸತ್ತು ಕಾಯಿಯೇ ಕಚ್ಚುವುದಿಲ್ಲ ಎಂಬ ಎಚ್ಚರಿಕೆಯೂ ಒಪ್ಪಂದದ ಜೊತೆಗೇ ರೈತನಿಗೆ ತಲುಪಬೇಕು.

ಬರುವ ಜೂನ್‌ಗೆ ಕಾಯಿ ಬೇಕಾದರೆ ಬಿತ್ತನೆ ಜನವರಿ ಮಧ್ಯದೊಳಗೆ ಮುಗಿಯಬೇಕು, ಅದಕ್ಕೆ ಬೀಜ ಡಿಸೆಂಬರಿನಲ್ಲಿ ರೈತನ ಕೈಯಲ್ಲಿರಬೇಕು, ಬೀಜ ಸಿಗಬೇಕಾದರೆ ಹೆಸರಘಟ್ಟಕ್ಕೆ ಬೇಡಿಕೆ ಅದಕ್ಕೂ ಎಷ್ಟೋ ಮೊದಲೇ ಹೋಗಿರಬೇಕು. ಸರ್ಕಾರದ ತರಕಾರಿ ಖರೀದಿಗೆ ಇಷ್ಟು ಮುಂಚೆ ಯೋಚಿಸುವ ಅಭ್ಯಾಸವಿಲ್ಲ, ಅಕ್ಕಿಯ ಖರೀದಿಗೆ ಇದೆ. ಮೊದಲ ವರ್ಷ ಎರಡು ಜಿಲ್ಲೆ ಸಾಕು, ಒಂದು ಹದ ಹವೆಯದು, ಒಂದು ಬಿಸಿಯದು. ಎಷ್ಟು ಕಾಯಿ ಬಂತು, ಎಷ್ಟು ಕೊಳೆಯಿತು, ಎಷ್ಟನೆಯ ವಾರ ಕೊಳೆಯಿತು, ಮಕ್ಕಳ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂಬುದನ್ನು ಪ್ರತಿ ಶಾಲೆಯ ದಾಸ್ತಾನು ಪುಸ್ತಕದಲ್ಲಿ ಅಕ್ಕಿಯ ಕಾಲಂ ಪಕ್ಕದಲ್ಲೇ ಬರೆದಿಟ್ಟರೆ ಎರಡನೆಯ ವರ್ಷ ಎಷ್ಟು ಎಕರೆ ಎಂಬ ಲೆಕ್ಕ ಅಲ್ಲೇ ಸಿಗುತ್ತದೆ.